ಹದಿಮೂರನೆಯ ತಿಳಿ ಬಾಟಲಿ

ನನ್ನ ಅವ್ವ ಮೂರು ವರ್ಷ ನನ್ನ ತಾಟಿಗೆ ತನ್ನ ಕೈಯಿಂದ ರೊಟ್ಟಿ ಹಾಕಲಿಲ್ಲ. ಹಾಗಂತ ನನ್ನನ್ನು ಉಪವಾಸ ಕೆಡವಿದಳು ಎಂದಲ್ಲ. ನಾನು ರಜೆಗೆ ನಮ್ಮೂರು ಖಜೂರಿಗೆ ಬಂದು ಉಣ್ಣಲು ಕೂತರೆ, ಅವ್ವ ಒಲೆಯ ಮುಂದಿನಿಂದ ಎದ್ದು ಸೆರಗು ಜಾಡಿಸಿ ಹೊರಗೆ ಹೋಗುತ್ತಿದ್ದಳು. ಆ ಜಾಗದಲ್ಲಿ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಬಂದು ಕೂತು ಬಡಿಸುತ್ತಿದ್ದರು. ವೈನಿಯ ರೊಟ್ಟಿ ತೆಳ್ಳಗೆ, ಚೆಂದ. ಅವ್ವನ ರೊಟ್ಟಿ ದಪ್ಪ, ಅಂಚು ಸ್ವಲ್ಪ ಕರಕು. ನನಗೆ ಬೇಕಾಗಿದ್ದು ಆ ಕರಕು ಅಂಚಿನದು. ಕೇಳಿ ಇಸಿದುಕೊಳ್ಳುವ ಜಾತಿಯವಳು ನಾನಲ್ಲ, ಕರೆದು ಕೊಡುವ ಜಾತಿಯವಳು ಅವಳೂ ಅಲ್ಲ.

ಕಾರಣ ನನ್ನ ನೌಕರಿ. ಕೊಂಕಣದ ದಂಡೆಯ ಒಂದು ಬಂದರಿನಲ್ಲಿ ಕೂತು, ಮೀನುಗಾರರು ಹಿಡಿದು ತಂದ ಶಾರ್ಕ್‌ಗಳ ಹೊಟ್ಟೆ ಬಗೆದು, ಅವು ಸಾಯುವ ಮೊದಲು ಏನು ತಿಂದಿದ್ದವು ಎಂದು ಬರೆದಿಡುವುದು ನನ್ನ ಕೆಲಸವಾಗಿತ್ತು. ಲಿಂಗ ಕಟ್ಟಿಕೊಂಡ ಮನೆಯ ಮಗಳು, ಮೊಟ್ಟೆಯ ಸಿಪ್ಪೆಯನ್ನೂ ಅಂಗಳದಲ್ಲಿ ಕಾಣದೆ ಬೆಳೆದವಳು, ಮೊಣಕೈವರೆಗೆ ಮೀನಿನ ಕರುಳಿನಲ್ಲಿ! ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ.

ನಮ್ಮ ಊರು ಗಡಿಯಲ್ಲಿದೆ. ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಗೆ ಅಂಟಿಕೊಂಡೇ ಅಪ್ಪನ ಕಿರಾಣಿ ಅಂಗಡಿ, ಅದರ ಹಿಂದೆ ಮನೆ. ಎಪ್ಪತ್ತರ ದಶಕದಲ್ಲಿ, ನಾನು ಚಿಕ್ಕವಳಿದ್ದಾಗ, ಮುಂಬಯಿ ಕಡೆಯಿಂದ ಮೀನಿನ ಲಾರಿಗಳು ಬರುತ್ತಿದ್ದವು. ಕ್ಲೀನರುಗಳು ನಮ್ಮ ಅಂಗಡಿಯಲ್ಲಿ ಬೀಡಿ ಕೊಳ್ಳುವವರೆಗೆ ಲಾರಿ ನಿಂತಿರುತ್ತಿತ್ತು, ಬರ್ಫಿನ ಗಡ್ಡೆ ಕರಗಿದ ನೀರು ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಲಾರಿ ಹೋದ ಮೇಲೆ ಅವ್ವ ಒಂದು ಬಕೀಟು ಸಗಣಿ ನೀರು ತಂದು ಆ ಹಸಿ ಗುರುತಿನ ಮೇಲೆ ಸುರಿದು ಬರುತ್ತಿದ್ದಳು. ನನಗೋ, ಆ ನಾತದ ನೀರು ಬಂದ ಜಾಗ ಎಂಥದಿರಬಹುದು ಎಂಬ ಚಿಂತೆ. ನಮ್ಮಲ್ಲಿ ಬಾವಿ ಬತ್ತಿದ್ದನ್ನು ನೋಡಿದ್ದೆ, ಮುಗಿಯದ ನೀರನ್ನು ನೋಡಿರಲಿಲ್ಲ.

ಗುಲ್ಬರ್ಗಾದಲ್ಲಿ ಓದಲು ಹಾಕಿದರು. ಪ್ರಾಣಿಶಾಸ್ತ್ರ ಅಂದರೆ ಮುಂದೆ ಮಾಸ್ತರಿಣಿ ಆಗುತ್ತಾಳೆ ಎಂದು ಮನೆಯವರು ತಿಳಿದಿದ್ದರು. ಅಷ್ಟರಲ್ಲಿ ಅಪ್ಪ ತೀರಿಕೊಂಡ, ಅಂಗಡಿ ಅಣ್ಣನ ಕೈಗೆ ಬಂತು. ನನಗೆ ಬಂದರಿನ ಮೀನು ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಾಗ "ಸಮುದ್ರದ ನೀರು ಪರೀಕ್ಷೆ ಮಾಡುವ ನೌಕರಿ" ಎಂದು ಕಾಗದ ಬರೆದೆ. ಸುಳ್ಳು ಬರೆದೆ, ಏನೂ ಅಳುಕದೆ ಬರೆದೆ. ಅವ್ವ ಊರ ತುಂಬ ಅದನ್ನೇ ಹೇಳಿಕೊಂಡು ತಿರುಗಿದಳು.

ಬಂದರಿನಲ್ಲಿ ನನಗೆ ಒಂದು ಕೋಣೆ ಇತ್ತು. ಸಮುದ್ರಕ್ಕೆ ಬೆನ್ನು ಮಾಡಿದ ಕೋಣೆ, ಕಿಟಕಿಯಿಂದ ಬರ್ಫಿನ ಕಾರ್ಖಾನೆಯ ಗೋಡೆ ಕಾಣುತ್ತಿತ್ತು. ಕೆಲಸ ಮುಗಿಸಿ ಎಷ್ಟು ಸಲ ಸಾಬೂನು ಹಚ್ಚಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಮುಂದಿನ ನಿಲ್ದಾಣದಲ್ಲಿ ಎದ್ದು ಬೇರೆ ಸೀಟು ಹುಡುಕುತ್ತಿದ್ದರು. ಮೀನು ಮಾರುವ ಹೆಂಗಸರಿಗೆ ನಾನು ಮೀನು ತಿನ್ನದವಳು, ಅವರ ಪೈಕಿ ಅಲ್ಲ. ಆಚಾರದವರಿಗೆ ನಾನು ಮೀನು ಕೊಯ್ಯುವವಳು, ಅವರ ಪೈಕಿಯೂ ಅಲ್ಲ. ಭಾನುವಾರ ಯಾರೊಂದಿಗೂ ಒಂದು ಮಾತು ಆಡದೆ ಇಡೀ ದಿನ ಕಳೆದು, ಸಂಜೆ ಅಂಗಡಿಯವನಿಗೆ "ಬೆಂಕಿಪೆಟ್ಟಿಗೆ ಕೊಡಿ" ಎಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸುತ್ತಿತ್ತು. ಒಂಟಿಯಾಗಿದ್ದೆ. ಅದಕ್ಕೆ ಬೇರೆ ದೊಡ್ಡ ಹೆಸರು ಬೇಕಾಗಿಲ್ಲ.

ಒಮ್ಮೆ ಅಫಜಲಪುರ ತಾಲೂಕಿನ ಕರಜಗಿಯಲ್ಲಿರುವ ನನ್ನ ಸೋದರಮಾವ, ಕಬ್ಬಿನ ಹೊಲದ ನಾಲ್ಕು ಮಂದಿ ಗೆಳೆಯರ ಜೊತೆ ದೇವಸ್ಥಾನಗಳ ಪ್ರವಾಸಕ್ಕೆಂದು ಆ ಕಡೆ ಬಂದ. ನನ್ನನ್ನು ಕಂಡು ಹೋಗೋಣ ಎಂದು ಹೇಳದೆ ಕೇಳದೆ ಬಂದರಿಗೇ ಬಂದುಬಿಟ್ಟ. ನಾನು ಒಂದು ಹೆಣ್ಣು ಶಾರ್ಕಿನ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದೆ. ಮಾವ ಹತ್ತು ಹೆಜ್ಜೆ ದೂರದಲ್ಲಿ ನಿಂತ. "ಛಲೋ ಇದ್ದಿ ಅಲ್ಲ ಬೇ?" ಎಂದು ಕೇಳಿದ. "ಇದ್ದೇನಿ ಮಾವಾ," ಅಂದೆ. ಅವನು ತಂದಿದ್ದ ಬೆಲ್ಲದ ಗಂಟನ್ನು ಕಟ್ಟೆಯ ಮೇಲಿಟ್ಟು ಹೊರಟು ಹೋದ. ಒಂದು ವಾರದೊಳಗೆ ಸುದ್ದಿ ಖಜೂರಿ ಮುಟ್ಟಿತ್ತು.

ಮುಂದಿನ ರಜೆಗೆ ಬಂದಾಗ ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಜೋಳ ಹಸನು ಮಾಡುತ್ತಾ ತಲೆ ಎತ್ತದೆ ಕೇಳಿದಳು, "ಸತ್ತದ್ದರ ಹೊಟ್ಟಿ ಬಗದು ಅದು ಏನ ಉಂಡಿತ್ತು ಅಂತ ನೋಡೋದು ಒಂದು ಕೆಲಸ ಏನ ಬೇ?"

"ಯಾವ ಮೀನು ಯಾವ ಮೀನಿನ ಮ್ಯಾಲ ಬದಕ್ತದ ಅಂತ ತಿಳಿಬೇಕಲ್ಲ ಅವ್ವ. ಒಂದು ಕಡಿಮಿ ಆತಂದ್ರ ಇನ್ನೊಂದು ಸಾಯ್ತದ."

"ಮಂದಿಗಿ ಊಟಾತೇನ್ರಿ ಅಂತ ಕೇಳ್ತೇವಿ. ಏನ ಉಂಡ್ರಿ ಅಂತ ಕೇಳ್ತೇವೇನು? ಉಂಡದ್ದು ಉಂಡವರ ಹೊಟ್ಟ್ಯಾಗ ಇರ್ಲಿ. ಅದನ್ನ ನೋಡಬಾರದು."

ನಾನು ಸಿಟ್ಟಿನಿಂದ ಏನೋ ಒರಟಾಗಿ ಹೇಳಿದೆ. ಅವಳು ಮೊರ ಕೆಳಗಿಟ್ಟು ಎದ್ದಳು. ಆ ದಿನದಿಂದಲೇ ವೈನಿ ಬಡಿಸುವುದು ಶುರುವಾಯಿತು. ನನಗೆ ಬೇರೆ ತಾಟು, ಬೇರೆ ಚರಿಗೆ ಬಂದವು. ಮಾತು ನಿಲ್ಲಿಸಲಿಲ್ಲ, ಬಸ್ಸು ಎಷ್ಟಕ್ಕೆ ಹೊರಡುತ್ತದೆ, ಹಲ್ಲು ನೋವು ಹೇಗಿದೆ ಎಲ್ಲಾ ಕೇಳುತ್ತಿದ್ದಳು. ಆದರೆ ಒಲೆಯ ಮುಂದೆ ಅವಳಿರುವಾಗ ನಾನು ಆ ಮನೆಯ ಮಗಳಾಗಿರಲಿಲ್ಲ. ಪ್ರತಿ ಸಲ ಬರುವಾಗಲೂ ಈ ಸಲ ಕೊಡುತ್ತಾಳೇನೋ ಎಂದುಕೊಂಡು ಬರುತ್ತಿದ್ದೆ, ನಾಚಿಕೆಗೆಟ್ಟವಳಂತೆ.

ಈ ನಡುವೆ, ತೊಂಬತ್ತರ ದಶಕದಲ್ಲಿ, ನಮ್ಮ ಕೆಲಸದ ರೀತಿ ಬದಲಾಯಿತು. ಅಲ್ಲಿಯವರೆಗೆ ಹೊಟ್ಟೆಯಲ್ಲಿ ಸಿಕ್ಕ ಗಟ್ಟಿ ವಸ್ತುಗಳೇ ನಮಗೆ ಗತಿ. ಮೀನಿನ ಕಿವಿಯ ಕಲ್ಲು, ಬೆನ್ನಿನ ಮೂಳೆ, ಏಡಿಯ ಕಾಲು. ಮೆತ್ತಗಿನದೆಲ್ಲ ಹೊಟ್ಟೆಯ ಹುಳಿಯಲ್ಲಿ ಕರಗಿ ಬೂದು ಬಣ್ಣದ ಅಂಬಲಿಯಾಗಿರುತ್ತಿತ್ತು, ಅದನ್ನು "ಗುರುತಾಗಲಿಲ್ಲ" ಎಂದು ಬರೆದು ಚೆಲ್ಲುತ್ತಿದ್ದೆವು. ಆ ಅಂಬಲಿಯಲ್ಲೂ ಡಿಎನ್‌ಎ ತುಣುಕುಗಳು ಉಳಿದಿರುತ್ತವೆ, ಅವುಗಳನ್ನು ಲಕ್ಷಗಟ್ಟಲೆ ನಕಲು ಮಾಡಿ ಓದಿದರೆ ಯಾವ ಪ್ರಾಣಿಯದೆಂದು ಹೇಳಬಹುದು ಎಂಬ ಸುದ್ದಿ ಬಂತು. ಹೈದರಾಬಾದಿನ ಒಂದು ಪ್ರಯೋಗಾಲಯದವರು ನಮ್ಮದನ್ನು ಪರೀಕ್ಷಿಸಲು ಒಪ್ಪಿದರು. ನಾನು ಎರಡು ವರ್ಷ ಆರಿಸಿ, ಒಳ್ಳೆಯ ಹನ್ನೆರಡು ಮಾದರಿಗಳನ್ನು ಸ್ಪಿರಿಟ್ ತುಂಬಿದ ಬಾಟಲಿಗಳಲ್ಲಿ ಕೂಡಿಟ್ಟೆ. ಜೊತೆಗೆ ಬರೀ ಸ್ಪಿರಿಟ್ ಇದ್ದ ಹದಿಮೂರನೆಯ ತಿಳಿ ಬಾಟಲಿಯೊಂದು. ನಮ್ಮ ಸ್ಪಿರಿಟ್ಟಿನಲ್ಲೋ, ಬಾಟಲಿಯಲ್ಲೋ ಹೊಲಸು ಸೇರಿದ್ದರೆ ಅದರಲ್ಲೂ ಕಾಣಿಸಿಕೊಳ್ಳಬೇಕು, ಅದು ತಾಳೆ ನೋಡುವುದಕ್ಕೆ. ಎಲ್ಲವನ್ನೂ ಮರದ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ನಿಲ್ಲಿಸಿ, ಹಗ್ಗ ಬಿಗಿದು, ನಾನೇ ಹೊತ್ತು ಹೊರಟೆ.

ಸೊಲ್ಲಾಪುರದಿಂದ ಹೈದರಾಬಾದಿಗೆ ನೇರ ಬಸ್ಸು. ನಡುವೆ ಉಮರ್ಗಾದಲ್ಲಿ ನಾನು ಇಳಿಯಬಾರದಿತ್ತು. ಇಳಿದೆ. ಪೆಟ್ಟಿಗೆ ಹೊತ್ತು ಆಳಂದದ ಬಸ್ಸು ಹತ್ತಿ ಖಜೂರಿಗೆ ಬಂದೆ. ಅವ್ವನ ಕೈಯ ಒಂದು ರೊಟ್ಟಿಯ ಆಸೆಗೆ ಸರಕಾರಿ ಪೆಟ್ಟಿಗೆಯನ್ನು ದಾರಿ ತಪ್ಪಿಸಿದೆ ಎಂದು ಯಾರಿಗೆ ಹೇಳುವುದು?

ಅವ್ವ ಹೊಸ್ತಿಲಲ್ಲಿ ನಿಂತು ಪೆಟ್ಟಿಗೆ ನೋಡಿದಳು. "ಏನದು?"

"ಮೀನಿನ ಹೊಟ್ಟ್ಯಾಗಿಂದು," ಅಂದೆ. ಸುಳ್ಳು ಹೇಳಿ ಒಮ್ಮೆ ಸಾಕಾಗಿತ್ತು.

"ಮನ್ಯಾಗ ಬ್ಯಾಡ. ಕೊಟ್ಟಿಗ್ಯಾಗ ಇಡು."

ಕೊಟ್ಟಿಗೆಯಲ್ಲಿ ಒಂದು ಎಮ್ಮೆ, ಒಂದು ಆಕಳು. ಎಮ್ಮೆ ಹಾಲು ಚಹಾಕ್ಕೆ, ಮೊಸರಿಗೆ. ಆಕಳ ಹಾಲು ಸ್ವಲ್ಪವೇ, ಅದು ದೇವರಿಗೆ. ಹುಲ್ಲಿನ ರಾಶಿಯ ಪಕ್ಕ ಪೆಟ್ಟಿಗೆ ಇಟ್ಟೆ. ಮರುದಿನ ಹೊರಡುವವಳಿದ್ದೆ. ಎರಡು ಹೊತ್ತೂ ವೈನಿಯೇ ಬಡಿಸಿದರು. ಇನ್ನೊಂದು ದಿನ ನಿಂತೆ. ಅವತ್ತೂ ವೈನಿಯೇ. ಮೂರನೆಯ ದಿನ ಬೆಳಿಗ್ಗೆ ಅವ್ವ ತಾನಾಗಿ ಹೇಳಿದಳು, "ತಡಾ ಆಗ್ತದ ಅಂತ ನಿಮ್ಮ ಮಂದಿಗಿ ತಿಳಿಸಬೇಕಿಲ್ಲೇನು? ಆಳಂದಕ್ಕ ಹೋಗಿ ಫೋನ ಮಾಡಿ ಬಾ. ಹೊಳ್ಳಿ ಬಂದು ಉಣ್ಣುವಂತಿ."

ಆಳಂದದಲ್ಲಿ ಫೋನಿನ ಸಾಲು ಉದ್ದವಿತ್ತು. ಲೈನು ಸಿಕ್ಕಾಗ ನನ್ನ ಮೇಲಿನ ಅಧಿಕಾರಿ ಆ ತುದಿಯಿಂದ ಚೆನ್ನಾಗಿ ಬೈದರು. ಪೆಟ್ಟಿಗೆ ಇನ್ನೂ ಯಾಕೆ ಮುಟ್ಟಿಲ್ಲ, ನೀವೇನು ಮದುವೆಗೆ ಹೋಗಿದ್ದೀರಾ ಎಂದರು. ಬೈಸಿಕೊಂಡು, ಬಿಸಿಲಲ್ಲಿ ಬಸ್ಸಿಗೆ ಕಾದು, ಮಧ್ಯಾಹ್ನ ಮೀರಿ ಮನೆಗೆ ಬಂದು ನೇರ ಕೊಟ್ಟಿಗೆಗೆ ಹೋದೆ. ಪೆಟ್ಟಿಗೆಯ ಹಗ್ಗದ ಗಂಟು ನಾನು ಹಾಕಿದ್ದಲ್ಲ. ಜೋಳದ ಚೀಲಕ್ಕೆ ಹಾಕುವ ಎರಡು ಸುತ್ತಿನ ಗಂಟು, ಅವ್ವನದು. ಬಿಚ್ಚಿ ನೋಡಿದೆ. ಬಾಟಲಿಗಳೆಲ್ಲ ಇದ್ದವು, ಮುಚ್ಚಳ ಬಿಗಿಯಾಗಿದ್ದವು. ಮೇಲೆ ಸಣ್ಣ ಎಣ್ಣೆ ಪದರ ಕಂಡಿತು, ಶಾರ್ಕಿನ ಎಣ್ಣೆ ಹಾಗೆ ತೇಲುವುದು ನನಗೆ ಹೊಸದಲ್ಲ. ಆದರೆ ಬೈಸಿಕೊಂಡ ಸಿಟ್ಟು ಇತ್ತಲ್ಲ, ಅದು ಎಲ್ಲಾದರೂ ಇಳಿಯಬೇಕಿತ್ತು.

"ನೀ ಮುಟ್ಟೀಯೇನು ಇದನ್ನ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

ಅವ್ವ ತಲೆಗೂದಲು ಹಸಿ ಇದ್ದ ಹಾಗೆಯೇ ಒಲೆಯ ಹತ್ತಿರ ಇದ್ದಳು. "ನಾ ಯಾಕ ಮುಟ್ಟಲಿ ಅವನ್ನ," ಅಂದಳು.

"ಖರೇ ಹೇಳು. ಗಂಟು ನಿಂದು. ನನ್ನ ಎರಡು ವರ್ಷದ ಕೆಲಸ ಅದ ಅದರಾಗ. ನಿನಗ ಹೊಲಸ ಅನಸ್ತದಂದ್ರ ದೂರ ಇರು. ನನ್ನ ಸಾಮಾನಿಗಿ ಕೈ ಹಚ್ಚಬ್ಯಾಡ."

"ಉಂಡು ಮಾತಾಡು ಬೇ," ಅಂದಳು.

ತಾಟು ಮುಚ್ಚಿಟ್ಟಿತ್ತು. ನಾನು ಅದರ ಕಡೆ ನೋಡಲೂ ಇಲ್ಲ. "ನಿಮ್ಮ ಮನಿ ಊಟಾ ನಿಮಗೇ ಇರ್ಲಿ," ಎಂದು ಪೆಟ್ಟಿಗೆ ಎತ್ತಿಕೊಂಡು ರಸ್ತೆಗೆ ಬಂದು ನಿಂತೆ. ಅಣ್ಣ ಅಂಗಡಿಯಿಂದ ಎರಡು ಸಲ ಕರೆದ. ಉಮರ್ಗಾದ ಬಸ್ಸು ಬಂತು, ಹತ್ತಿದೆ. ಹಿಂದಿನ ಕಿಟಕಿಯಿಂದ ನೋಡಿದಾಗ ಅವ್ವ ಅಂಗಡಿಯ ಮುಂದೆ ಬಂದು ನಿಂತಿದ್ದಳು, ಕೈಗೆ ಹಿಟ್ಟು ಹತ್ತಿತ್ತು. ಬಸ್ಸು ಹೋದ ಮೇಲೆ ಸಗಣಿ ನೀರು ಹಾಕಲು ನಿಂತಿದ್ದಾಳೆ ಎಂದು ಮನಸ್ಸಿನಲ್ಲೇ ಕಹಿಯಾಗಿ ನಕ್ಕೆ. ನಾನು ಅವಳನ್ನು ಜೀವಂತ ಕಂಡದ್ದು ಅದೇ ಕೊನೆ.

ನಾಲ್ಕು ತಿಂಗಳಿಗೆ ಅವಳು ಹೋದಳು. ಜ್ವರ ಬಂದು ಮೂರೇ ದಿನ. ಅಣ್ಣ ತಂತಿ ಕೊಟ್ಟಾಗ ನಾನು ದಕ್ಷಿಣದ ಇನ್ನೊಂದು ಬಂದರಿನಲ್ಲಿ ಮಾದರಿ ಕೂಡಿಸುತ್ತಿದ್ದೆ. ತಂತಿ ಕೇಂದ್ರದ ಮೇಜಿನ ಮೇಲೆ ಬಿದ್ದಿತ್ತು. ನಾನು ಖಜೂರಿ ಮುಟ್ಟಿದ್ದು ಮಣ್ಣಾದ ಆರನೆಯ ದಿನ. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಕೊಡುತ್ತಾರೆ, ಮೂರನೆಯ ದಿನ ಮನೆಯ ಮಂದಿಯೆಲ್ಲ ಹೋಗಿ ಗದ್ದುಗೆಯ ಮೇಲೆ ಹಾಲು-ತುಪ್ಪ ಬಿಡುತ್ತಾರೆ. ಹೋದ ಜೀವ ಹಸಿದು ಹೋಗಬಾರದು, ಹಿಂದೆ ಉಳಿದವರ ಬೆನ್ನು ಹತ್ತಬಾರದು ಅಂತ. ಅದೂ ಮುಗಿದಿತ್ತು. ಹೊಲದ ಬದುವಿನ ಹತ್ತಿರ ಮಣ್ಣಿನ ಗುಡ್ಡೆ, ತುಪ್ಪ ಬಿದ್ದಲ್ಲಿ ಇರುವೆಗಳ ಸಾಲು. ಮನೆ ತುಂಬ ನೆಂಟರಿದ್ದರು. ಕರಜಗಿಯ ಮಾವ ಬಂದು ತಲೆ ಮೇಲೆ ಕೈ ಇಟ್ಟ. ಅವನ ಕೈಯನ್ನು ತೆಗೆದು ಹಾಕಿದೆ.

ಎರಡು ತಿಂಗಳು ಕಳೆದ ಮೇಲೆ ಹೈದರಾಬಾದಿನಿಂದ ವರದಿ ಬಂತು. ಅಧಿಕಾರಿಗಳು ನನ್ನನ್ನು ಕರೆದು ಕಾಗದವನ್ನು ಮೇಜಿನ ಮೇಲೆ ನೂಕಿದರು. "ನಿಮ್ಮ ಶಾರ್ಕ್‌ಗಳು ಆಕಳು ತಿನ್ನುತ್ತವೆ," ಎಂದರು.

ನಾನು ಓದಿದೆ. ಒಂದಲ್ಲ, ಎರಡಲ್ಲ, ಹನ್ನೆರಡು ಬಾಟಲಿಗಳಲ್ಲೂ ಆಕಳ ಡಿಎನ್‌ಎ. ಮೀನಿನ ಗುರುತೆಲ್ಲ ಅದರೊಳಗೆ ಮುಳುಗಿ ಹೋಗಿತ್ತು. ಹೊಳೆಯ ಪ್ರವಾಹದಲ್ಲಿ ಕೊಚ್ಚಿಬಂದ ಆಕಳ ಹೆಣ ತಿಂದಿರಬಹುದೇ ಎಂದು ಒಬ್ಬರು ತಮಾಷೆ ಮಾಡಿದರು. ಪರೀಕ್ಷೆ ಮಾಡಿದವರು ಚಹಾ ಕುಡಿದ ಕೈಯಲ್ಲಿ ಮುಟ್ಟಿರಬೇಕು ಎಂದರು ಇನ್ನೊಬ್ಬರು. ಅದು ಒಪ್ಪುವ ಮಾತಾಗಿರಲಿಲ್ಲ. ಪೆಟ್ಟಿಗೆ ಒಪ್ಪಿಸಿದ ದಿನ ಆ ಪ್ರಯೋಗಾಲಯದ ಚಹಾ ನಾನೇ ಕುಡಿದಿದ್ದೆ, ಅದು ಎಮ್ಮೆ ಹಾಲಿನದು ಎಂದು ಆಗಲೇ ನಾಲಿಗೆಗೆ ತಿಳಿದಿತ್ತು. ಅದಕ್ಕಿಂತ ದೊಡ್ಡ ಮಾತು ವರದಿಯ ಕೊನೆಯ ಸಾಲಿನಲ್ಲಿತ್ತು. ಹದಿಮೂರನೆಯ ಬಾಟಲಿ, ಬರೀ ಸ್ಪಿರಿಟ್ ಇದ್ದದ್ದು, ಶುದ್ಧವಾಗಿತ್ತು. ಅದರಲ್ಲಿ ಏನೂ ಇರಲಿಲ್ಲ.

ಸ್ಪಿರಿಟ್ಟಿನಿಂದ ಬಂದಿದ್ದರೆ ಅದಕ್ಕೂ ಬರಬೇಕಿತ್ತು. ಗೊತ್ತಿಲ್ಲದೆ ಚೆಲ್ಲಿದ್ದರೆ ಅದಕ್ಕೂ ಸಿಡಿಯಬೇಕಿತ್ತು. ಯಾರೋ ಒಂದೊಂದೇ ಬಾಟಲಿ ಎತ್ತಿ, ಒಳಗೆ ಸತ್ತ ಜೀವ ಇದೆಯೋ ಇಲ್ಲವೋ ನೋಡಿ, ಇದ್ದದ್ದಕ್ಕೆ ಮಾತ್ರ ಆಕಳ ಹಾಲು ಹಾಕಿದ್ದರು. ಮೂರನೆಯ ದಿನ ಹಾಕಿದ್ದರು. ಮೇಲಿನ ಎಣ್ಣೆ ಪದರ ಶಾರ್ಕಿನದಾಗಿರಲಿಲ್ಲ, ತುಪ್ಪದ್ದಾಗಿತ್ತು. ಅವ್ವನ ಹಸಿ ತಲೆಗೂದಲು ನೆನಪಾಯಿತು. ಕುರ್ಚಿಯಲ್ಲಿ ಕೂತೆ. ನೀರು ಬೇಕೇ ಎಂದು ಅಧಿಕಾರಿ ಕೇಳಿದರು.

ಕಾರಣ ಬರೆದು ಕೊಡಬೇಕಿತ್ತು. "ದಾರಿಯಲ್ಲಿ ನಮ್ಮ ಮನೆಯಲ್ಲಿ ಇಳಿದಿದ್ದೆ, ಮನೆಯವರು ಬಾಟಲಿ ತೆರೆದಿದ್ದಾರೆ, ತಪ್ಪು ನನ್ನದು" ಎಂದು ಬರೆದೆ. ಎರಡು ವರ್ಷದ ಕೆಲಸ ನೀರಿಗೆ ಹೋಯಿತು, ಮತ್ತೆ ಮೊದಲಿನಿಂದ ಹೊಟ್ಟೆ ಬಗೆಯಲು ಕೂರಬೇಕಾಯಿತು. ಅದಕ್ಕೆ ನನಗೆ ಆಗ ದುಃಖವಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ರಜೆ ಹಾಕಿ ಖಜೂರಿಗೆ ಹೋದೆ.

ಅಣ್ಣ ಸಾಮಾನು ತರಲು ಸೊಲ್ಲಾಪುರಕ್ಕೆ ಹೋಗಿದ್ದ. ವೈನಿ ಒಬ್ಬರೇ ಇದ್ದರು. ವೈನಿ ಜೇವರ್ಗಿ ಕಡೆಯ ನೆಲೋಗಿಯವರು, ಮಾತು ಕಡಿಮೆ. ಒಲೆ ಮುಂದೆ ಕೂತಿದ್ದವರ ಪಕ್ಕ ಕೂತು ಕೇಳಿದೆ, "ವೈನಿ, ನಾ ಆಳಂದಕ್ಕ ಫೋನ ಮಾಡಾಕ ಹೋದ ದಿನ ಅವ್ವ ಕೊಟ್ಟಿಗ್ಯಾಗ ಏನ ಮಾಡಿದ್ಲು? ಹೇಳ್ರಿ."

ಅವರು ಬೆಂಕಿ ಸರಿ ಮಾಡಿದರು. "ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು," ಅಂದರು. "ಈಗ ಅವರೇ ಇಲ್ಲ. ನಮ್ಮನಿಗಿ ಬಂದು ಮೂರು ದಿನಾ ಆತು, ಇವಕ್ಕ ಹಾಲು-ತುಪ್ಪ ಬಿಡವರು ಯಾರೂ ಇಲ್ಲ ಅಂದ್ರು. ನನ್ನ ಮಗಳು ಸಮುದ್ರದ ದಂಡಿಗಿ ಒಬ್ಬಾಕೀನ ಇರ್ತಾಳ, ಹಸದ ಜೀವ ಅಕೀ ಬೆನ್ನ ಹತ್ತಬಾರದು ಅಂದ್ರು. ಒಂದೊಂದು ಬಾಟ್ಲಿ ಬಿಸಲಿಗಿ ಹಿಡದು ನೋಡಿದ್ರು. ಒಂದು ಚಮಚಾ ಹಾಲು, ಒಂದು ಹನಿ ತುಪ್ಪ. ಒಂದರಾಗ ಬರೇ ನೀರು ಇತ್ತು ನೋಡ್ರಿ, ಇದರಾಗ ಯಾರೂ ಇಲ್ಲ ಅಂತ ಬಾಜೂಕ ಇಟ್ರು."

"ಹೊಲಸ ಅನ್ನಲಿಲ್ಲೇನು?"

"ಏನೂ ಅನ್ನಲಿಲ್ಲ. ಆಮ್ಯಾಲ ಜಳಕಾ ಮಾಡಿ ಬಂದು ಒಲಿ ಮುಂದಿಂದ ನನ್ನ ಎಬ್ಬಿಸಿದ್ರು. ನೀ ಏಳು, ಇವತ್ತ ಅಕೀಗಿ ನಾನ ಬಡಸ್ತೇನಿ ಅಂದ್ರು. ನಾಕ ರೊಟ್ಟಿ ಬಡದು ತಾಟಿಗಿ ಹಾಕಿ ಮುಚ್ಚಿಟ್ಟಿದ್ರು, ನೀವು ಬರೋ ಹೊತ್ತಾತು ಅಂತ."

ಆ ಮುಚ್ಚಿದ ತಾಟು ನನ್ನ ಕಣ್ಣೆದುರಿಗೇ ಇತ್ತು. ಮೂರು ವರ್ಷ ಅದಕ್ಕೇ ಕಾದಿದ್ದೆ, ಅದಕ್ಕೇ ಪೆಟ್ಟಿಗೆ ಹೊತ್ತು ಉಮರ್ಗಾದಲ್ಲಿ ಇಳಿದಿದ್ದೆ. ಮುಚ್ಚಳ ಎತ್ತಿದ್ದರೆ ಕರಕು ಅಂಚು ಕಾಣುತ್ತಿತ್ತು, ಯಾರ ಕೈಯದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ವೈನಿ ತಡೆಯಲಿಲ್ಲ.

"ಆ ರೊಟ್ಟಿ ಏನಾದವು?" ಎಂದು ಕೊನೆಗೆ ಕೇಳಿದೆ.

"ಎರಡ ದಿನಾ ಹಂಗೇ ಮುಚ್ಚಿಟ್ಟಿದ್ರು. ಸಿಟ್ಟ ಇಳದ ಮ್ಯಾಲ ನೀವು ಹೊಳ್ಳಿ ಬಂದ್ರ ಬಂದೀರಿ ಅಂತ. ಮೂರನೇ ದಿನಾ ಆಕಳಿಗಿ ಹಾಕಿದ್ರು."

ವೈನಿ ಎದ್ದು ತಾಟು ತಂದರು. ಮೊದಲಿನ ಬೇರೆ ತಾಟಲ್ಲ, ಮನೆಯವರೆಲ್ಲ ಉಣ್ಣುವ ತಾಟು. ಅವರು ಹಾಕಿದ ಎರಡು ರೊಟ್ಟಿಯನ್ನೂ ಪುಂಡಿಪಲ್ಲೆಯ ಜೊತೆ ನಾನು ಪೂರ್ತಿ ಉಂಡೆ, ಒಂದು ತುಣುಕೂ ಬಿಡಲಿಲ್ಲ.